ಕುದುರೆ ಎಣಿಸಿದ ರವಿವಾರಗಳು

ನಮ್ಮ ಗ್ಯಾರೇಜಿನಲ್ಲಿ ನಗೆ ಬರುವಂಥ ಸಂಗತಿ ಏನಾದರೊಂದು ನಡೆಯದ ರವಿವಾರ ಇರಲೇ ಇಲ್ಲ. ಆದರೆ ಅದು ನಡೆಯುವ ಹೊತ್ತಿಗೆ ನನಗೆ ನಗು ಬಂದದ್ದು ಒಮ್ಮೆಯೂ ನೆನಪಿಲ್ಲ. ಈಗ ಹೇಳಿದರೆ ಕೇಳುವವರು ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ನಾನು ಸುಮ್ಮನೆ ಅವರ ಮುಖ ನೋಡುತ್ತ ಕೂಡುತ್ತೇನೆ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಬೆಳಗಾವಿಯ ಒಂದು ಫೌಂಡ್ರಿಯಲ್ಲಿ ನನಗೆ ಪಗಾರದ ಕೆಲಸವಿತ್ತು. ಅದನ್ನು ಬಿಟ್ಟು ಖಾನಾಪುರ ರಸ್ತೆಯ ಬಾಜೂಕೆ ತಗಡಿನ ಪತ್ರಾ ಹೊದಿಸಿದ ಗ್ಯಾರೇಜು ಹಾಕಿದೆ. ಹೆಂಡತಿ ಬೇಡ ಅಂದಿದ್ದಳು. ಜೊತೆಗೆ ಲೇಥಿನ ಕೆಲಸಕ್ಕೆ ಖಾನಾಪುರ ಕಡೆಯ ಒಬ್ಬ ಮಿಸ್ತ್ರಿ ಸಿಕ್ಕ. ಮನೆಯಲ್ಲಿ ಮರಾಠಿ, ಗ್ಯಾರೇಜಿನಲ್ಲಿ ಕನ್ನಡ, ಎಂಜಿನ್ ಹಟ ಹಿಡಿದರೆ ಎರಡೂ ಭಾಷೆಯಲ್ಲಿ ಬೈಗುಳ, ಇಂಥ ಮನುಷ್ಯ. ಊರಿನಲ್ಲಿ ಕಾರಿನ ಹುಚ್ಚು ಹತ್ತಿದ್ದ ಎಂಟು ಮಂದಿ ಸೇರಿ ಒಂದು ಕ್ಲಬ್ಬು ಮಾಡಿಕೊಂಡಿದ್ದರು. ನಮ್ಮಲ್ಲಿ ನೆರಳಿತ್ತು, ಎದುರಿಗೆ ಚಹಾದಂಗಡಿ ಇತ್ತು. ಹಾಗಾಗಿ ರವಿವಾರ ಮುಂಜಾನೆ ಅವರೆಲ್ಲ ನಮ್ಮಲ್ಲಿಗೇ ಬಂದು ಸೇರುತ್ತಿದ್ದರು.

ಹನ್ನೊಂದು

ಕ್ಲಬ್ಬಿನ ಅಧ್ಯಕ್ಷರು ಒಬ್ಬ ವಕೀಲರು. ಯಾವುದೋ ಕೇಸಿಗೆ ಮುಂಬೈಗೆ ಹೋದವರು ಅಲ್ಲಿ ಒಂದು ಗ್ಯಾರೇಜು ನೋಡಿ ಬಂದರು. ಕಾರಿನ ಹಿಂದಿನ ಗಾಲಿಗಳನ್ನು ಉರುಳೆಗಳ ಮೇಲೆ ನಿಲ್ಲಿಸಿ, ನಿಂತಲ್ಲೇ ಓಡಿಸಿ, ಎಂಜಿನ್ನಿಗೆ ಎಷ್ಟು ಹಾರ್ಸ್‌ಪವರ್ ಇದೆ ಅಂತ ಅಲ್ಲಿ ಹೇಳುತ್ತಾರಂತೆ. ಇಂಥದ್ದು ನಮ್ಮ ಬೆಳಗಾವಿಗೂ ಬೇಕು ಅಂದರು.

ನನಗೂ ಅದು ತಲೆಗೆ ಹತ್ತಿತು. ಅಲ್ಲಿಯವರೆಗೆ ನಮ್ಮೂರಿನಲ್ಲಿ ಗಾಡಿಯ ಶಕ್ತಿ ಅಂದರೆ ಅದರ ಮಾಲೀಕ ಹೇಳಿದಷ್ಟು. ಒಬ್ಬರು ಐವತ್ತು ಕುದುರೆ ಅಂದರೆ ಇನ್ನೊಬ್ಬರು ಅರವತ್ತು ಅನ್ನುವವರು. ಒಂದು ಖರೇ ಅಳತೆ ಇರಲಿ ಅಂತ ನಾನೂ ಮಿಸ್ತ್ರಿಯೂ ಆರು ತಿಂಗಳು ಬಡಿದಾಡಿದೆವು. ಹಳೇ ಕಬ್ಬಿನ ಗಾಣದ ಎರಡು ಉರುಳೆ ತಂದು ನೆಲದ ಗುಂಡಿಯಲ್ಲಿ ಕೂಡಿಸಿದೆವು. ಅವು ತಿರುಗಿದರೆ ನೀರು ತುಂಬಿದ ಒಂದು ದೊಡ್ಡ ಡ್ರಮ್ಮಿನೊಳಗೆ ರೆಕ್ಕೆಗಳು ತಿರುಗುತ್ತಿದ್ದವು, ನೀರು ಅವನ್ನು ತಡೆಯುತ್ತಿತ್ತು. ಎಂಜಿನ್ ಎಷ್ಟು ಜೋರು ಮಾಡುತ್ತದೋ ಅಷ್ಟೇ ಜೋರಾಗಿ ಡ್ರಮ್ಮಿನ ಕಬ್ಬಿಣದ ತೋಳು ಒಂದು ತೂಕದ ಕಾಟಾವನ್ನು ಒತ್ತುತ್ತಿತ್ತು. ಕಾಟಾ ಹರಾಜಿನಲ್ಲಿ ಸಿಕ್ಕದ್ದು. ಚೀಲಗಳನ್ನು ತೂಗುವ ಅಗಲವಾದ ಹಲಗೆ, ಗಡಿಯಾರದಂಥ ಮುಖ, ಒಂದು ಮುಳ್ಳು. ಅದರ ಮೇಲಿನ ಕಿಲೋ ಅಳಿಸಿ, ಲೆಕ್ಕ ಹಾಕಿ, ಕುದುರೆಗಳನ್ನು ನಾನೇ ಬಣ್ಣದಲ್ಲಿ ಬರೆದೆ.

ಮೊದಲ ದಿನ ಅಧ್ಯಕ್ಷರ ಗಾಡಿ ಏರಿಸಿದೆವು. ಪುಸ್ತಕದಲ್ಲಿ ನಲವತ್ತು ಅಂತ ಇದೆ, ತಾವು ಚೆನ್ನಾಗಿ ನೋಡಿಕೊಂಡದ್ದರಿಂದ ಎರಡು ಮೂರು ಹೆಚ್ಚೇ ಇರಬಹುದು ಅಂತ ವಕೀಲರು ಎಲ್ಲರಿಗೂ ಹೇಳಿದ್ದರು. ಕಾಯಿ ಒಡೆದು, ಮುಂದಿನ ಗಾಲಿಗೆ ಸರಪಳಿ ಬಿಗಿದು, ಆಕ್ಸಿಲರೇಟರ್ ಒತ್ತಿದೆ. ಮೇಲಿನ ಪತ್ರಾ ಗಡಗಡ ನಡುಗಿದವು. ಮುಳ್ಳು ಎದ್ದಿತು, ಹನ್ನೊಂದರ ಹತ್ತಿರ ಬಂತು, ದಣಿದವರ ಹಾಗೆ ಅಲ್ಲೇ ನಿಂತುಬಿಟ್ಟಿತು. ಎಂಜಿನ್ ಕಾದಿಲ್ಲ ಅಂತ ಮತ್ತೊಮ್ಮೆ ನೋಡಿದೆವು, ಹನ್ನೊಂದು. ಎಂಜಿನ್ ಹೆಚ್ಚು ಕಾದಿದೆ ಅಂತ ಆರಿಸಿ ಇನ್ನೊಮ್ಮೆ ನೋಡಿದೆವು, ಹತ್ತೂವರೆ.

ಎಂಟೂ ಮಂದಿ ಮಣ್ಣಿಗೆ ಬಂದವರ ಹಾಗೆ ತಲೆ ತಗ್ಗಿಸಿ ನಿಂತರು. ವಕೀಲರು ಚಷ್ಮಾ ತೆಗೆದು ಒರೆಸಿಕೊಂಡರು. ಮೆತ್ತಗಿನ ದನಿಯಲ್ಲಿ ನನ್ನನ್ನು ಕೇಳಿದರು:

"ಇದರ ಮ್ಯಾಲ ಅಪೀಲು ಎಲ್ಲಿ ಹಾಕಬೇಕ್ರಿ?"

ಎದೆಯ ಬಡಿತ

ಕ್ಲಬ್ಬಿನಲ್ಲಿ ಒಬ್ಬ ಡಾಕ್ಟರಿದ್ದರು. ಅವರ ಗಾಡಿಗೆ ಮುಳ್ಳು ಹದಿನಾಲ್ಕು ತೋರಿಸಿತು. ಎಂಜಿನ್ ಬಿಚ್ಚಿ ನೋಡಬೇಕು ಅಂದೆ. ಮಂದಿಯ ಹೊಟ್ಟೆ ಕೊಯ್ದು ಹೊಲಿಯುವ ಮನುಷ್ಯ, ಬಿಚ್ಚಬೇಕು ಅಂದ ಕೂಡಲೇ ಬೆವೆತುಬಿಟ್ಟರು. ಬಿಚ್ಚದೆ, ಗುಳಿಗೆಯಂಥದ್ದು ಏನಾದರೂ ಹಾಕಲಿಕ್ಕೆ ಬರುವುದಿಲ್ಲವೇ ಅಂತ ಕೇಳಿದರು. ಇಲ್ಲ ಅಂದೆ.

ಮುಂದಿನ ರವಿವಾರ ಸ್ಟೆತಸ್ಕೋಪು ತಂದರು. ಎಂಜಿನ್ ಚಾಲೂ ಮಾಡಿಸಿ, ಕಣ್ಣು ಮುಚ್ಚಿ, ಅಲ್ಲಲ್ಲಿ ಇಟ್ಟು ಬಹಳ ಹೊತ್ತು ಕೇಳಿದರು. ಮಿಸ್ತ್ರಿ ಬಾಜೂಕೇ ನಿಂತಿದ್ದ. ಸುಮ್ಮನೆ ಚೇಷ್ಟೆಗೆ ಅವನ ಎದೆಗೂ ಒಮ್ಮೆ ಇಟ್ಟರು. ಆಮೇಲೆ ಸ್ಟೆತಸ್ಕೋಪು ಮಡಚಿ, ನಿಟ್ಟುಸಿರು ಬಿಟ್ಟು, "ಭಾಳ ದಿನಾ ಉಳಿಯೂದಿಲ್ಲ ಇದು, ಒಳಗಿನ ಬಡಿತಾನ ತಪ್ಪೈತಿ" ಅಂತ ಹೇಳಿ ಹೋದರು.

ಮಿಸ್ತ್ರಿ ಅವತ್ತಿನಿಂದ ಬೀಡಿ ಬಿಟ್ಟ. ಮಂಗಳವಾರ ಊಟ ಬಿಟ್ಟ. ಗುರುವಾರ ತನ್ನ ಲೇಥಿನ ಸಾಮಾನೆಲ್ಲ ಎಣ್ಣೆ ಹಚ್ಚಿ ಒರೆಸಿ, ಯಾವುದು ಯಾರಿಗೆ ಕೊಡಬೇಕು ಅಂತ ನನಗೆ ಒಂದೊಂದಾಗಿ ತೋರಿಸಿದ. ಶನಿವಾರ ಖಾನಾಪುರದಿಂದ ಅವನ ಅಣ್ಣ ಬಂದು ಗ್ಯಾರೇಜಿನ ಮೂಲೆಯಲ್ಲಿ ತಲೆಗೆ ಕೈ ಹಚ್ಚಿ ಕುಂತ. ನನಗೂ ಕೈಕಾಲು ಆಡಲಿಲ್ಲ. ಅವನಿಲ್ಲದೆ ನನ್ನ ಗ್ಯಾರೇಜೂ ಇಲ್ಲ.

ರವಿವಾರ ಡಾಕ್ಟರು ಬಂದರು. ಅಣ್ಣ ಹೋಗಿ ಕಾಲು ಹಿಡಿದ. ಡಾಕ್ಟರಿಗೆ ಸಂಗತಿ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ತಿಳಿದ ಮೇಲೆ, ತಾವು ಹೇಳಿದ್ದು ಗಾಡಿಯ ಬಗ್ಗೆ, ಮಿಸ್ತ್ರಿಯ ಎದೆ ಕಲ್ಲಿನಂತಿದೆ ಅಂದರು. ಅಂದವರಿಗೆ ತಮ್ಮ ದುಃಖ ನೆನಪಾಯಿತು. "ನಿನಗೇನೂ ಆಗಿಲ್ಲೋ ತಮ್ಮಾ. ನನ್ನ ಗಾಡಿ ಗತಿ ಏನು, ಅದನ್ನ ಹೇಳು" ಅಂತ ಕೇಳಿದರು.

ಮಿಸ್ತ್ರಿ ಎಂಟು ದಿನದ ಮೇಲೆ ಮೊದಲ ಬೀಡಿ ಹೊತ್ತಿಸಿದ. ಎರಡು ಸಲ ಹೊಗೆ ಬಿಟ್ಟ.

"ಸಾಹೇಬ್ರ, ಅದರ ಮನಿಮಂದೀನ್ನ ಕರಸಿಬಿಡ್ರಿ."

ಬಿಸಿನೀರು

ನೀರಿನ ಡ್ರಮ್ಮಿನಲ್ಲಿ ಒಂದು ಗುಣವಿತ್ತು, ಅದನ್ನು ನಾನು ಲೆಕ್ಕ ಹಾಕಿರಲಿಲ್ಲ. ರೆಕ್ಕೆ ತಿರುಗಿ ತಿರುಗಿ ಒಳಗಿನ ನೀರು ಕಾಯುತ್ತಿತ್ತು. ಎರಡು ಗಾಡಿ ಪರೀಕ್ಷೆ ಮುಗಿಯುವುದರೊಳಗೆ ಸ್ನಾನಕ್ಕೆ ಹದವಾದ ನೀರು. ಇದನ್ನು ಮೊದಲು ಕಂಡುಹಿಡಿದವಳು ನನ್ನ ಹೆಂಡತಿ. ಬಕೆಟ್ಟು ತುಂಬಿಕೊಳ್ಳುತ್ತ, "ನೌಕರಿ ಬಿಟ್ಟದ್ದಕ್ಕ ಇಷ್ಟರ ಆತಲ್ಲ" ಅಂದಳು.

ಅವಳು ಬಾಯಿ ಮುಚ್ಚಿಕೊಂಡಿರಲಿಲ್ಲ. ಮುಂದಿನ ವಾರ ಓಣಿಯ ಹೆಣ್ಣುಮಕ್ಕಳು ಕೊಡ ಹಿಡಿದು ಸಾಲು ಹಚ್ಚಿದರು. ನಾಳೆ ಎಷ್ಟು ಗಾಡಿ ಬರುತ್ತವೆ ಅಂತ ಶನಿವಾರವೇ ಬಂದು ವಿಚಾರಿಸಿ ಹೋಗುವವರು. ಕ್ಲಬ್ಬಿನವರಿಗೆ ಮಾತ್ರ ಇವರೆಲ್ಲ ತಮ್ಮ ಗಾಡಿ ನೋಡಲಿಕ್ಕೆ ಬಂದವರು ಅನಿಸಿ, ತಲೆ ಬಾಚಿಕೊಂಡು, ಇಸ್ತ್ರಿ ಅಂಗಿ ಹಾಕಿಕೊಂಡು ಬರತೊಡಗಿದರು. ಕುದುರೆ ಎಣಿಸಲಿಕ್ಕೆ ಕಟ್ಟಿದ ಯಂತ್ರದ ಸುತ್ತ ಈಗ ಕೊಡಗಳ ಗದ್ದಲ. ಮುಳ್ಳನ್ನು ನೋಡುವವನು ನಾನೊಬ್ಬನೇ ಉಳಿದೆ.

ವಕೀಲರು ಆ ಹೊತ್ತಿಗೂ ಹನ್ನೊಂದನ್ನು ಒಪ್ಪಿರಲಿಲ್ಲ. ನನ್ನ ಕಾಟಾ ತಪ್ಪು, ನನ್ನ ಲೆಕ್ಕ ತಪ್ಪು ಅಂತ ವಾರವಾರವೂ ವಾದ ಮಾಡುತ್ತಿದ್ದರು. ಒಂದು ರವಿವಾರ ಮೊದಲ ಸರತಿ ಅವರದೇ ಬಂತು. ಗಾಡಿ ಅರ್ಧ ತಾಸು ಗುಡುಗಿತು. ಸಾಲಿನ ಮುಂದೆ ನಿಂತಿದ್ದ ಒಬ್ಬ ಮುದುಕಿ ನೀರಿನಲ್ಲಿ ಕೈ ಅದ್ದಿ ನೋಡಿದಳು. ಮತ್ತೊಮ್ಮೆ ಅದ್ದಿದಳು.

"ಇದು ಇನ್ನೂ ತಣ್ಣಗ ಐತಿ" ಅಂತ ನನಗೆ ಹೇಳಿದಳು. "ಆ ಬಿಳೀ ಗಾಡಿ ಏರಸಪಾ, ಕೂಸಿಗೆ ಎರೀಬೇಕು."

ವಕೀಲರು ತಾವೇ ಗಾಡಿ ಇಳಿಸಿಕೊಂಡರು. ಮುದುಕಿಗೆ ಅವರ ಮುಖ ನೋಡಿ ಅಯ್ಯೋ ಅನಿಸಿರಬೇಕು. "ಇರ್ಲಿ ಬಿಡಪಾ, ವಯಸ್ಸಾಗೇತಿ" ಅಂತ ಸಮಾಧಾನ ಹೇಳಿದಳು.

ಗಾಡಿಗೋ ತಮಗೋ ಅಂತ ವಕೀಲರು ಕೇಳಲಿಲ್ಲ.

ಸಾಂಬ್ರಾ ರಸ್ತೆಯ ಒಂದು ಮೈಲು

ಉರುಳೆಯ ಮೇಲೆ ಮಾನ ಹೋದವರೆಲ್ಲ ಸೇರಿ, ಖರೇ ಪರೀಕ್ಷೆ ರಸ್ತೆಯ ಮೇಲೇ ಆಗಬೇಕು ಅಂತ ಠರಾವು ಮಾಡಿದರು. ಸಾಂಬ್ರಾ ಕಡೆಗೆ ನೆಟ್ಟಗಿನ ಒಂದು ಮೈಲು ಗುರುತು ಮಾಡಿದೆವು. ಒಂದು ಸಾಲಿಯ ಪಿ.ಟಿ. ಮಾಸ್ತರರು ಸ್ಟಾಪ್‌ವಾಚು ಹಿಡಿದು ಆ ತುದಿಯಲ್ಲಿ ನಿಂತರು. ಡಾಕ್ಟರು ಹೊರಟರು, ನಾನು ಬಾಜೂಕೆ ಕುಂತಿದ್ದೆ. ಅವತ್ತು ಎಂಜಿನ್ ಯಾಕೋ ಚೆನ್ನಾಗಿ ಓಡುತ್ತಿತ್ತು. ಡಾಕ್ಟರ ಮುಖದಲ್ಲಿ ಆರು ತಿಂಗಳ ಮೇಲೆ ಕಳೆ ಬಂದಿತ್ತು.

ಅರ್ಧ ದಾರಿಗೆ ಕುರಿ ಅಡ್ಡ ಬಂದವು. ಇನ್ನೂರೋ ಮುನ್ನೂರೋ, ಎಣಿಸುವ ಮನಸ್ಸು ಇರಲಿಲ್ಲ. ಒಂದೊಂದೇ ಕಾರಿನ ಮುಂದೆ ನಿಂತು, ನಮ್ಮನ್ನು ನೋಡಿ, ಆಮೇಲೆ ದಾಟಿದವು. ಆ ತುದಿಯಲ್ಲಿ ಗಡಿಯಾರ ಓಡುತ್ತಲೇ ಇತ್ತು. ಕಂಬಳಿ ಹೊದ್ದ ಕುರುಬ ಬಂದು ಕಿಡಕಿಯಲ್ಲಿ ಬಗ್ಗಿ, ಇಷ್ಟು ಅವಸರದಲ್ಲಿ ಎಲ್ಲಿಗೆ ಹೊರಟಿದ್ದೀರಿ ಅಂತ ಕೇಳಿದ. ಆ ಮಾಸ್ತರರು ನಿಂತಲ್ಲಿಯವರೆಗೆ ಅಂದರು ಡಾಕ್ಟರು. ಅಲ್ಲೇನು ಕೆಲಸ ಅಂದ. ಕೆಲಸ ಏನಿಲ್ಲ, ಅಲ್ಲಿಗೆ ಮುಟ್ಟಿ ಹೊಳ್ಳಿ ಬರುವುದು ಅಂದರು. ಕುರುಬ ಸ್ವಲ್ಪ ವಿಚಾರ ಮಾಡಿದ.

"ಹೆಂಗಿದ್ರೂ ಹೊಳ್ಳಿ ಇಲ್ಲಿಗೇ ಬರವ್ರು. ಇಲ್ಲೇ ಇದ್ದುಬಿಡ್ರಲ್ಲ."

ಜಾಂಬೋಟಿಯ ಊಟ

ಮಳೆಗಾಲ ಇನ್ನೂ ಪೂರಾ ಮುಗಿದಿರಲಿಲ್ಲ. ಕ್ಲಬ್ಬಿನವರು ಮನೆಮಂದಿಯನ್ನೆಲ್ಲ ಕರೆದುಕೊಂಡು ಜಾಂಬೋಟಿಗೆ ಊಟಕ್ಕೆ ಹೋಗುವುದು ಅಂತ ಆಯಿತು. ಗಂಡಸರು ತಮ್ಮ ತಮ್ಮ ಗಾಡಿಯಲ್ಲಿ, ಯಾರು ಮುಂದೆ ಮುಟ್ಟುತ್ತಾರೆ ನೋಡೋಣ ಅಂತ. ಕ್ಲಬ್ಬಿನಲ್ಲಿ ಖಾನಾಪುರದಲ್ಲಿ ಹಂಚಿನ ಕಾರ್ಖಾನೆ ಇಟ್ಟಿದ್ದ ಒಬ್ಬ ಸಾಹುಕಾರರಿದ್ದರು, ಅವರದು ಎಲ್ಲಕ್ಕಿಂತ ದೊಡ್ಡ ಗಾಡಿ. ಅದನ್ನು ಅವರ ಡ್ರೈವರ್ ನಡೆಸುವುದು, ಹೆಣ್ಣುಮಕ್ಕಳೂ ಊಟದ ಡಬ್ಬಿಗಳೂ ಅದರಲ್ಲಿ. ಹೋಳಿಗೆ, ರೊಟ್ಟಿ, ಎಣ್ಣೆಗಾಯಿ, ಮೊಸರನ್ನ, ಎಲ್ಲ.

ಊರು ಬಿಟ್ಟು ನಾಲ್ಕು ಮೈಲಿಗೇ ಆ ದೊಡ್ಡ ಗಾಡಿ ರಸ್ತೆ ಬದಿಗೆ ನಿಂತಿತ್ತು. ಹೆಂಗಸರು ಇಳಿದು ಕೈ ಬೀಸುತ್ತಿದ್ದರು. ವಕೀಲರು ತಿರುಗಿ ಕೈ ಬೀಸಿ ಮುಂದೆ ಹೋದರು. ಡಾಕ್ಟರೂ ಬೀಸಿದರು. ಒಬ್ಬರ ಹಿಂದೆ ಒಬ್ಬರು, ಮುಂದಿನವರನ್ನು ಹಿಡಿಯುವ ಅವಸರದಲ್ಲಿ, ಎಲ್ಲರೂ ಕೈ ಬೀಸಿದೆವು. ಗ್ಯಾರೇಜಿನ ಹಳೇ ಗಾಡಿಯಲ್ಲಿ ಮಿಸ್ತ್ರಿಯನ್ನು ಕೂಡಿಸಿಕೊಂಡು ಎಲ್ಲರಿಗಿಂತ ಹಿಂದೆ ಇದ್ದವನು ನಾನು. ನಾನೂ ಬೀಸಿದೆ.

ಜಾಂಬೋಟಿಯಲ್ಲಿ ಮಳೆ ಹೊಡೆಯಿತು. ಮರದ ಕೆಳಗೆ ಕಾದೆವು. ಸಾಹುಕಾರರ ಗಾಡಿ ಬರಲಿಲ್ಲ. ಎರಡು ತಾಸಾದ ಮೇಲೆ ನಮ್ಮ ಹತ್ತಿರ ತಿನ್ನಲಿಕ್ಕೆ ಏನಿದೆ ಅಂತ ನೋಡಿದರೆ ಮಿಸ್ತ್ರಿಯ ತಂಬಾಕು, ವಕೀಲರ ಕೆಮ್ಮಿನ ಗುಳಿಗೆ. ನೀರು ಹೊಕ್ಕು ಎರಡು ಗಾಡಿ ಅಲ್ಲೇ ಮಲಗಿದವು. ಉಳಿದವುಗಳಲ್ಲಿ ಒತ್ತರಿಸಿ ಕುಂತು, ಹಸಿದು, ತೊಯ್ದು ಹೊಳ್ಳಿ ಬಂದೆವು.

ಹೆಂಗಸರು ಅದೇ ಜಾಗದಲ್ಲಿ ಜಮಖಾನ ಹಾಸಿಕೊಂಡು ಎಲೆ ಅಡಿಕೆ ಹಾಕುತ್ತ ಕುಂತಿದ್ದರು. ಡಬ್ಬಿಗಳನ್ನು ತೊಳೆದು ಬೋರಲು ಹಾಕಿದ್ದರು. ವಕೀಲರು ಊಟ ಏನಾಯಿತು ಅಂತ ತೊದಲಿದರು. ರಸ್ತೆ ಕೆಲಸದ ಮಂದಿ ಗಾಡಿ ನೂಕಲಿಕ್ಕೆ ಬಂದಿದ್ದರು, ಅವರಿಗೆ ಬಡಿಸಿದೆವು ಅಂತ ನನ್ನ ಹೆಂಡತಿ ಹೇಳಿದಳು. ಗಾಡಿ ಚಾಲೂ ಆಯಿತೇ ಅಂತ ಕೇಳಿದೆ.

"ಇಲ್ರಿ. ಆದ್ರ ಪಾಪ, ಮೂರು ಸಲ ನೂಕಿದ್ರು. ಮೂರು ಸಲ ಬಡಿಸಿದ್ವಿ."

ಬೀಗರು ಬಂದ ದಿನ

ಎಂಬತ್ತರ ದಶಕ ಶುರುವಾಗಿತ್ತು. ಅದೇ ಹಂಚಿನ ಕಾರ್ಖಾನೆಯ ಸಾಹುಕಾರರು ಒಂದು ದಿನ ನಗುನಗುತ್ತ ಬಂದರು. ಮಗಳಿಗೆ ಬೆಳಗಾವಿಯ ಒಂದು ಸಂಬಂಧ ಬಂದಿತ್ತು. ಹುಡುಗನ ತಂದೆ ಮಿಲಿಟರಿಯಿಂದ ನಿವೃತ್ತಿಯಾದ ಸುಭೇದಾರರು. ಮಾತಿಗೆ ಮಾತು ಬಂದು ಸಾಹುಕಾರರು ಅವರ ಮುಂದೆ, ನನ್ನ ಗಾಡಿಗೆ ಅರವತ್ತು ಕುದುರೆ, ಅದನ್ನು ಯಂತ್ರದ ಮೇಲೆ ತೋರಿಸುತ್ತೇನೆ ಅಂದುಬಿಟ್ಟಿದ್ದರು. ರವಿವಾರ ಬೀಗರನ್ನೆಲ್ಲ ಕರೆದುಕೊಂಡು ಬರುತ್ತೇನೆ ಅಂತ ನನಗೆ ಹೇಳಲಿಕ್ಕೆ ಬಂದಿದ್ದರು. ಆ ಗಾಡಿಗೆ ಇಪ್ಪತ್ತೆರಡರ ಮೇಲೆ ಒಂದು ಕುದುರೆಯೂ ಇಲ್ಲ ಅಂತ ನನಗೆ ಗೊತ್ತಿತ್ತು. ಹೇಳಿದರೆ ಅವರು ನಂಬಲಿಲ್ಲ. ಪರೀಕ್ಷೆಯ ದಿನ ಅದಕ್ಕೆ ಮೈ ಸರಿ ಇರಲಿಲ್ಲ ಅಂದರು.

ರವಿವಾರ ಎಲ್ಲರಿಗಿಂತ ಮುಂದೆ ಸಾಹುಕಾರರ ಮಗಳೇ ಬಂದಳು. ಕನ್ನಡ ಸಾಲಿಯಲ್ಲಿ ಟೀಚರಾಗಿದ್ದ ಹುಡುಗಿ, ಗಟ್ಟಿ ಮಾತಿನವಳು. ಅವತ್ತು ಮಾತ್ರ ಸೆರಗಿನ ತುದಿ ಹಿಂಡುತ್ತ ನಿಂತಳು.

"ಕಾಕಾ, ಅಪ್ಪಾರು ಅರವತ್ತು ಅಂದಾರ. ಸುಭೇದಾರ್ರು ಭಾಳ ಖಡಕ್ ಅದಾರ. ಹಿಂದ ಒಂದು ಸಂಬಂಧದಾಗ ಹುಡುಗಿ ವಯಸ್ಸು ಒಂದು ವರ್ಷ ಸುಳ್ಳು ಹೇಳಿದ್ರಂತ ಎದ್ದು ಬಂದಾರಂತ. ನನಗ ಹುಡುಗ ಮನಸಿಗೆ ಬಂದಾನ್ರಿ ಕಾಕಾ."

ಅಷ್ಟೇ ಹೇಳಿ ಹೋದಳು. ನಾನು ಕಾಟಾದ ಮುಂದೆ ಹೋಗಿ ಕುಂತೆ. ನಾಲ್ಕು ವರ್ಷದಲ್ಲಿ ಯಾರಿಗಾಗಿಯೂ ಆ ಮುಳ್ಳನ್ನು ಒಂದು ಕೂದಲಿನಷ್ಟು ಸರಿಸಿದವನಲ್ಲ ನಾನು. ಅದಕ್ಕಾಗಿ ಬೈಸಿಕೊಂಡಿದ್ದೆ, ಗಿರಾಕಿ ಕಳೆದುಕೊಂಡಿದ್ದೆ. ನನ್ನ ಜೀವನದಲ್ಲಿ ಹೇಳಿಕೊಳ್ಳಲಿಕ್ಕೆ ಅದೊಂದೇ ಇತ್ತು. ಬಹಳ ಹೊತ್ತು ಕುಂತು, ಕಡೆಗೆ ಮಿಸ್ತ್ರಿಯನ್ನು ಕರೆದೆ. ಕಾಟಾದ ಹಲಗೆ ಮರೆಯಲ್ಲಿರುವ ಹಾಗೆ ಮುಂದೆ ಒಂದು ಪತ್ರಾ ನಿಲ್ಲಿಸಿದೆವು, ಮುಖ ಮಾತ್ರ ಮೇಲೆ ಕಾಣುತ್ತಿತ್ತು. ನೀನು ಹಿಂದೆ ನಿಂತಿರು, ನಾನು ಕೆಮ್ಮಿದಾಗ ಹಲಗೆಯ ಮೇಲೆ ಸಾವಕಾಶ ಒಂದು ಕಾಲು ಒತ್ತು, ಮುಳ್ಳು ಅರವತ್ತಕ್ಕೆ ಬಂದರೆ ಸಾಕು ಅಂದೆ. ಅವನು ಒಂದು ಸಲ ನನ್ನ ಮುಖ ನೋಡಿದ. ಅದು ಬೈಗುಳಕ್ಕಿಂತ ಹೆಚ್ಚು ಹತ್ತಿತು.

ಬೀಗರು ಬಂದರು. ಸುಭೇದಾರರು ಎತ್ತರದ ಆಳು, ಹಣೆಯ ತುಂಬ ವಿಭೂತಿ, ಹುರಿ ಮಾಡಿದ ಮೀಸೆ. ಕೊಟ್ಟ ಖುರ್ಚಿಯಲ್ಲಿ ಕೂಡದೆ ಕೈ ಹಿಂದೆ ಕಟ್ಟಿ ನಿಂತರು. ಗಾಡಿ ಏರಿಸಿ ಆಕ್ಸಿಲರೇಟರ್ ಒತ್ತಿದೆ. ಮುಳ್ಳು ಎದ್ದು ಇಪ್ಪತ್ತಕ್ಕೆ ಬಂದು ನಿಂತಿತು. ಹುಡುಗಿ ನೆಲ ನೋಡುತ್ತಿದ್ದಳು. ನಾನು ಕೆಮ್ಮಿದೆ.

ಗಾಡಿಯ ಗದ್ದಲದಲ್ಲಿ ಮಿಸ್ತ್ರಿಗೆ ಕೆಮ್ಮು ಕೇಳಿಸಲಿಲ್ಲ. ಮತ್ತೆ ಕೆಮ್ಮಿದೆ. ಮೂರನೇ ಸಲ ಎಷ್ಟು ಜೋರಾಗಿ ಕೆಮ್ಮಿದೆನೆಂದರೆ ಡಾಕ್ಟರು ನನ್ನ ಬೆನ್ನು ತಟ್ಟಲಿಕ್ಕೆ ಬಂದರು. ಮಿಸ್ತ್ರಿ ಗಾಬರಿಯಾಗಿ, ಒಂದು ಕಾಲು ಒತ್ತುವ ಬದಲು ಎರಡೂ ಕಾಲಿಟ್ಟು ಕಾಟಾ ಹತ್ತಿ ನಿಂತುಬಿಟ್ಟ. ಮುಳ್ಳು ಅರವತ್ತನ್ನು ಕಣ್ಣೆತ್ತಿಯೂ ನೋಡದೆ ಸರ್ರನೆ ಹೋಗಿ ನೂರಾ ಮೂವತ್ತರ ಮೇಲೆ ನಿಂತಿತು. ಅಲ್ಲಿಂದ ಮುಂದೆ ನಾನು ಅಂಕಿಗಳನ್ನೇ ಬರೆದಿರಲಿಲ್ಲ.

ಗಾಡಿ ಬಂದ್ ಮಾಡಿದೆ. ನಾಲ್ಕು ವರ್ಷದ ಖರೇತನ ಹೋಯಿತು, ಹುಡುಗಿಯ ಸಂಬಂಧವೂ ಹೋಯಿತು, ಎರಡನ್ನೂ ಒಂದೇ ಕೆಮ್ಮಿನಲ್ಲಿ ಕಳೆದೆ ಅನಿಸಿತು. ಸುಭೇದಾರರು ಮುಳ್ಳನ್ನೇ ನೋಡುತ್ತ, ತಮ್ಮ ಪಲ್ಟಣಿಯಲ್ಲಿ ತೋಪು ಎಳೆಯುವ ಲಾರಿಗೂ ಇಷ್ಟು ಇರಲಿಲ್ಲ ಅಂದರು.

ಸಾಹುಕಾರರಿಗೆ ಮಾತ್ರ ಯಾವ ಸಂಶಯವೂ ಬಂದಿರಲಿಲ್ಲ. ಅವರ ಕಣ್ಣಲ್ಲಿ ನೀರು ತುಂಬಿತ್ತು. ನನ್ನ ಕಡೆ ತಿರುಗಿ, "ನೋಡ್ರಿ, ನಾ ಕಡಿಮೀನ ಹೇಳಿದ್ದೆ" ಅಂದರು.

ಸುಭೇದಾರರು ಅವರನ್ನು ಮೇಲಿಂದ ಕೆಳಗಿನ ತನಕ ನೋಡಿದರು. ಇದ್ದದ್ದಕ್ಕಿಂತ ಕಡಿಮೆ ಹೇಳುವ ಮನೆತನ ಈ ಕಾಲದಲ್ಲಿ ಸಿಗುವುದಿಲ್ಲ, ಸಂಬಂಧ ಪಕ್ಕಾ ಅಂತ ಎಲ್ಲರ ಮುಂದೆ ಹೇಳಿದರು. ಎದುರಿನ ಅಂಗಡಿಯಿಂದ ಚಹಾ ಬಂತು, ಸಕ್ಕರೆ ಹಂಚಿದರು. ಮುಂದೆ ಬೇಸಿಗೆಯಲ್ಲಿ ಮದುವೆಯೂ ಚೆಂದಾಗಿ ಆಯಿತು, ಹುಡುಗಿ ಸುಖವಾಗಿದ್ದಾಳೆ. ಆದರೆ ಆ ಹೊತ್ತಿಗೆ ನಾನು ಚಹಾದ ಕಪ್ಪು ಹಾಗೇ ಕೆಳಗಿಟ್ಟೆ. ಗ್ಯಾರೇಜಿನ ಹಿಂದೆ ಹೋಗಿ ಒಬ್ಬನೇ ನಿಂತೆ.

ಹಿಂದಿನಿಂದ ಸುಭೇದಾರರು ಬಂದು ಹೆಗಲ ಮೇಲೆ ಕೈ ಇಟ್ಟರು. ಪತ್ರಾದ ಕೆಳಗೆ ನಿಮ್ಮ ಮಿಸ್ತ್ರಿಯ ಚಪ್ಪಲಿ ಕಾಣುತ್ತಿದ್ದವು ಅಂತ ಸಾವಕಾಶ ಹೇಳಿದರು. ನನಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು. ತಪ್ಪಾಯಿತು ಅನ್ನಲಿಕ್ಕೆ ಬಾಯಿ ತೆರೆದೆ. ಅವರು ಬೇಡ ಅನ್ನುವ ಹಾಗೆ ಕೈ ಎತ್ತಿದರು. ಅತ್ತ ಇತ್ತ ನೋಡಿ, ಇನ್ನಷ್ಟು ಹತ್ತಿರ ಬಂದರು.

"ಬರೂ ರವಿವಾರ ನನ್ನ ಗಾಡಿ ತರ್ತೀನ್ರಿ. ನಾವು ಗಂಡಿನ ಕಡೆಯವ್ರು, ಬೀಗರಿಗಿಂತ ಕಡಿಮಿ ಆಗಬಾರ್ದು. ಅವತ್ತ ಮಿಸ್ತ್ರೀಗೆ ಹೊಟ್ಟಿ ತುಂಬ ಉಂಡು ಬಾ ಅನ್ರಿ."